ಐಸಿಯು ಸ್ಕೋರ್ ನಂಬುವ ಮೊದಲು ನಮ್ಮ ರೋಗಿಗಳ ಲೆಕ್ಕ ನೋಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಐಸಿಯುಗೆ ಬಂದ ರೋಗಿಗೆ ಎಷ್ಟು ಅಪಾಯವಿದೆ ಎಂದು ಅಂದಾಜು ಮಾಡುವ ಸ್ಕೋರ್‌ಗಳಿವೆ. ಅವುಗಳನ್ನು ನೋಡಿ ಜಿಲ್ಲಾ ಆಸ್ಪತ್ರೆಗಳನ್ನು ಅಳೆಯುವ ಮೊದಲು, ಸಾಫ್ಟ್‌ವೇರ್ ಕೊಳ್ಳುವ ಮೊದಲು, ನಮ್ಮ ರೋಗಿಗಳ ವಿಷಯದಲ್ಲಿ ಅವು ಎಷ್ಟು ಸರಿ ಹೇಳುತ್ತವೆ ಎಂದು ಪರೀಕ್ಷೆ ಮಾಡಿಸಿ.

ಎಲ್ಲರೂ ಬಳಸುವ ಅಪಾಚೆ-2 ಎಂಬ ಸ್ಕೋರ್ ಬಂದಿದ್ದು 1985ರಲ್ಲಿ. ಮೊದಲ 24 ಗಂಟೆಯಲ್ಲಿ ಬಿಪಿ, ನಾಡಿ, ಸೋಡಿಯಂ, ಕ್ರಿಯಾಟಿನಿನ್ ಸೇರಿ 12 ಅಳತೆಗಳು ಎಷ್ಟು ಕೆಟ್ಟಿದ್ದವು ಎಂದು ನೋಡಿ, ವಯಸ್ಸು ಮತ್ತು ಹಳೆಯ ಕಾಯಿಲೆ ಕೂಡಿಸಿ, 71ಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ; ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದರ್ಥ. ಅದರ ಹಿಂದಿರುವುದು ಅಮೆರಿಕದ 13 ಆಸ್ಪತ್ರೆಗಳ 5,815 ದಾಖಲಾತಿಗಳು. ನಮ್ಮಲ್ಲಿ ಬರುವವರು ಡೆಂಗಿ, ಇಲಿಜ್ವರ, ಹಾವು ಕಡಿತದವರು. ಬೆಳೆಗೆ ಹೊಡೆಯುವ ಔಷಧಿ ಕುಡಿದ ಹುಡುಗನಿಗೆ ವಿಷಕ್ಕೆ ಮದ್ದಾಗಿ ಅಟ್ರೋಪಿನ್ ಕೊಟ್ಟರೆ ನಾಡಿ ಓಡುತ್ತದೆ. ವೆಂಟಿಲೇಟರ್‌ಗೆಂದು ನಿದ್ದೆ ಬರಿಸಿದರೆ ಪ್ರಜ್ಞೆಯ ಅಂಕವೂ ಕೆಡುತ್ತದೆ. ಹೀಗೆ ಸ್ಕೋರ್ ಹೆದರಿಸಿದ ಹುಡುಗ ಎದ್ದು ಮನೆಗೆ ನಡೆದು ಹೋಗಬಹುದು.

ಹೊಸದಾದರೆ ಸರಿ ಇರುತ್ತದೆ ಎಂದೂ ಇಲ್ಲ. ಅಮೆರಿಕದಲ್ಲೇ ನೂರಾರು ಆಸ್ಪತ್ರೆಗಳಲ್ಲಿದ್ದ ಎಪಿಕ್ ಕಂಪನಿಯ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಗುರುತಿಸುವ ಸಾಫ್ಟ್‌ವೇರನ್ನು ಮಿಶಿಗನ್‌ನಲ್ಲಿ ಹೊರಗಿನವರು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅದು ಸೆಪ್ಸಿಸ್ ಆದವರಲ್ಲಿ ಮೂರನೇ ಎರಡು ಪಾಲು ಜನರನ್ನು ಗುರುತಿಸಿರಲೇ ಇಲ್ಲ.

ಪರೀಕ್ಷೆಯಲ್ಲಿ ಎರಡು ಪ್ರಶ್ನೆ ಕೇಳಬೇಕು. ಬದುಕಿದವರಿಗಿಂತ ತೀರಿಕೊಂಡವರಿಗೆ ಹೆಚ್ಚು ಅಂಕ ಬಂದಿತ್ತೇ? ನೂರಕ್ಕೆ 30 ಜನ ತೀರಿಕೊಳ್ಳಬಹುದು ಎಂದಾಗ ನಿಜಕ್ಕೂ 30ರ ಆಸುಪಾಸಿನಲ್ಲೇ ಆಯಿತೇ? ಊರು ಬದಲಾದಾಗ ಹೆಚ್ಚಾಗಿ ಕೈಕೊಡುವುದು ಎರಡನೆಯದೇ.

ಇನ್ನೊಂದು ತೊಡಕು ನಮ್ಮ ರಿಜಿಸ್ಟರಿನಲ್ಲೇ ಇದೆ. ದುಡ್ಡು ಮುಗಿಯಿತು, ಇನ್ನು ಆಸೆ ಇಲ್ಲ ಎಂದು ಮನೆಯವರು ರೋಗಿಯನ್ನು ಕರೆದುಕೊಂಡು ಹೋಗುತ್ತಾರೆ. ಆತ ಮನೆ ತಲುಪುವ ಮೊದಲೇ ತೀರಿಕೊಂಡರೂ ನಮ್ಮಲ್ಲಿ ಬರೆದಿರುವುದು 'ಡಿಸ್ಚಾರ್ಜ್, ವೈದ್ಯರ ಸಲಹೆಗೆ ವಿರುದ್ಧ' ಎಂದು. ಇದನ್ನು 'ಬದುಕಿದ' ಎಂದು ಎಣಿಸಿದರೆ ಯಾವ ಸ್ಕೋರಿನ ಪರೀಕ್ಷೆಯೂ ಸುಮ್ನೆ. 28ನೇ ದಿನ ಒಂದು ಫೋನ್ ಮಾಡಿಸಿ, ಅಥವಾ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಸಿ. ಅವರಿಗೆ ಗೊತ್ತಿರುತ್ತದೆ.

ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಈ ಕೆಲಸ ಕೊಡಬಹುದು. ಪಿಜಿ ವಿದ್ಯಾರ್ಥಿಗಳು ಪ್ರಬಂಧಕ್ಕೆ ಹೇಗೂ ವಿಷಯ ಹುಡುಕುತ್ತಿರುತ್ತಾರೆ, ಅಲ್ವಾ? ಅಂಕಿ ತುಂಬುವ ಹೊರೆಯನ್ನು ಮಾತ್ರ ನರ್ಸ್‌ಗಳ ಮೇಲೆ ಹಾಕಬೇಡಿ.

ಸ್ಕೋರ್ ನೋಡಿ ಯಾರಿಗೂ ಬೆಡ್ ನಿರಾಕರಿಸುವಂತಿಲ್ಲ ಎಂದು ಆದೇಶದಲ್ಲೇ ಬರೆಯಿರಿ. ಫಲಿತಾಂಶ ಹಿಡಿದು ಯಾವ ಆಸ್ಪತ್ರೆಗೂ ನೋಟಿಸ್ ಹೋಗುವುದಿಲ್ಲ ಎಂದೂ ಬರೆಯಿರಿ. ಇಲ್ಲದಿದ್ದರೆ ಸಾವುಗಳು 'ನಿರೀಕ್ಷಿತ' ಎಂದು ಕಾಣಲು ರೋಗಿಗಳ ಅಂಕ ಕಾಗದದ ಮೇಲೆ ತಾನಾಗಿ ಏರತೊಡಗುತ್ತದೆ.

ಇಂತಿ,
ಐಸಿಯುನಲ್ಲಿ ಕೆಲಸ ಮಾಡುವ ಒಬ್ಬ ವೈದ್ಯ