ಶಾಲಾ ಆಪ್ತ ಸಮಾಲೋಚಕರಿಗೂ ತಿಂಗಳಿಗೊಂದು ಸಭೆ ಬೇಕು

ಮಾನ್ಯ ಸಂಪಾದಕರಿಗೆ,

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ನಿರ್ದೇಶನವನ್ನು ನಾನು ಬಹಳ ಸಮಾಧಾನದಿಂದ ಓದಿದೆ. ಹನ್ನೊಂದು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಆಪ್ತ ಸಮಾಲೋಚಕಿಯಾಗಿರುವ ನನಗೆ, ಹೀಗೆ ನೇಮಕವಾಗುವವರು ಕೆಲವೇ ವರ್ಷಗಳಲ್ಲಿ ದಣಿದು ಬರಿದಾಗದಂತೆ ನೋಡಿಕೊಳ್ಳುವ ಏರ್ಪಾಡೂ ಜೊತೆಯಲ್ಲೇ ಆಗಬೇಕೆಂದು ಅನ್ನಿಸುತ್ತದೆ.

ನಮ್ಮ ಕೆಲಸದ ಭಾರ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಕೇಳಿದ್ದನ್ನು ನಾವು ಯಾರಿಗೂ ಹೇಳುವಂತಿಲ್ಲ. ಕುಡಿದು ಬರುವ ತಂದೆಗೆ ಹೆದರಿ ಶಾಲೆ ಬಿಟ್ಟ ಮೇಲೂ ಮನೆಗೆ ಹೋಗಲು ಒಲ್ಲದ ಹುಡುಗ, ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ತಿಳಿದ ದಿನ ಕೈ ಕೊಯ್ದುಕೊಂಡ ಹುಡುಗಿ, ತನಗೆ ಮದುವೆ ಗೊತ್ತುಮಾಡಿದ್ದಾರೆಂದು ಗೆಳತಿಯ ಮೂಲಕ ಹೇಳಿ ಕಳಿಸಿದ ಒಂಬತ್ತನೇ ತರಗತಿಯ ಮಗು, ಇವರ ಸಂಕಟವನ್ನು ಸ್ಟಾಫ್ ರೂಮಿನಲ್ಲಿ ಮಾತನಾಡುವಂತಿಲ್ಲ, ಮನೆಯಲ್ಲಿ ಊಟಕ್ಕೆ ಕುಳಿತಾಗ ಹಂಚಿಕೊಳ್ಳುವಂತೆಯೂ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದು ಸರಿಯಾದ ಕಾನೂನೇ. ಆದರೆ ನಂಬಿ ಹೇಳಿಕೊಂಡ ಮಗುವಿನ ಮುಖವನ್ನು ಆ ಬಳಿಕ ದಿನವೂ ನೋಡಬೇಕಾದವರು ನಾವು. ಒಮ್ಮೆ ಬೆಳಿಗ್ಗೆ ಠಾಣೆಗೆ ಹೋಗಿ ಅಂಥದೊಂದು ದೂರು ಕೊಟ್ಟು ಬಂದ ನನಗೆ, ಮಧ್ಯಾಹ್ನ ರಜೆಯಲ್ಲಿದ್ದ ಗಣಿತ ಶಿಕ್ಷಕರ ಪೀರಿಯಡ್ ನೋಡಿಕೊಳ್ಳಲು ಹೇಳಿದರು. ಅದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ನನಗೆ ಅರ್ಧ ಗಂಟೆಯ ಬಿಡುವು ಬೇಕಾಗಿರಬಹುದೆಂದು ಯಾರಿಗೂ ತೋಚಲಿಲ್ಲ, ಕೇಳಬಹುದೆಂದು ನನಗೂ ತೋಚಲಿಲ್ಲ.

ಹೀಗೆ ದಣಿದು ಬರಿದಾಗುವುದಕ್ಕಿರುವ 'ಬರ್ನ್‌ಔಟ್' ಎಂಬ ಮಾತನ್ನು ಇಂದು ಎಲ್ಲ ಉದ್ಯೋಗಗಳಿಗೂ ಬಳಸುತ್ತೇವೆ. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅದನ್ನು ಬಳಸಿದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಂಥ ಕಡೆಗಳಲ್ಲಿ ಪರರ ನೋವಿಗೆ ಕಿವಿಗೊಡುತ್ತ ದುಡಿಯುತ್ತಿದ್ದವರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದು ಕರೆಯದೆ, ಕೆಲಸದ ಸ್ಥಳದಲ್ಲಿ ಬಹುಕಾಲ ನಿಭಾಯಿಸದೆ ಉಳಿದ ಒತ್ತಡದ ಫಲವೆಂದು ವಿವರಿಸಿತು. ಅದು ಹೇಳಿದ ಮೂರು ಲಕ್ಷಣಗಳು ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು ಮತ್ತು ಕೆಲಸದ ಸಾಮರ್ಥ್ಯ ಕುಗ್ಗುವುದು. ಇವುಗಳಲ್ಲಿ ನನ್ನನ್ನು ಹೆದರಿಸಿದ್ದು ಎರಡನೆಯದು. ಆರನೇ ವರ್ಷದಲ್ಲೊಮ್ಮೆ, ಅಳುತ್ತಿದ್ದ ಹುಡುಗಿಯ ಎದುರು ಕುಳಿತು ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಅದು ಅವಳಿಗೂ ಗೊತ್ತಾಯಿತು, ಮಾತು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋದಳು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಪರಿಹಾರ ವರ್ಷಕ್ಕೊಮ್ಮೆ ನಡೆಯುವ ಒತ್ತಡ ನಿರ್ವಹಣೆಯ ಕಾರ್ಯಾಗಾರ. ಯೋಗ, ಪ್ರಾಣಾಯಾಮಗಳಿಂದ ನನಗೂ ಪ್ರಯೋಜನವಾಗಿದೆ, ಅವುಗಳನ್ನು ಕಡೆಗಣಿಸುವುದಿಲ್ಲ. ಒಂದು ಮಗು ಹೋಗಿ ಇನ್ನೊಂದು ಮಗು ಬರುವ ನಡುವೆ ಹತ್ತು ನಿಮಿಷ ಬಿಡುವುದನ್ನು ರೂಢಿಸಿಕೊಂಡೆ. ರಾತ್ರಿ ಫೋನ್ ತೆಗೆಯುವುದನ್ನು ನಿಲ್ಲಿಸುವ ಮೊದಲು, ಯಾವ ಹೊತ್ತಿನಲ್ಲೂ ಉತ್ತರಿಸುವ ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಗಳನ್ನು ಪ್ರತಿ ತರಗತಿಯಲ್ಲೂ ಬರೆಸಿದೆ. ಆದರೂ ನನ್ನನ್ನು ಈ ಕೆಲಸದಲ್ಲಿ ಉಳಿಸಿದ್ದು ಬೇರೆಯೇ. ಊರಿನ ಇನ್ನಿಬ್ಬರು ಸಮಾಲೋಚಕಿಯರೊಡನೆ ತಿಂಗಳಿಗೊಮ್ಮೆ ಕುಳಿತು, ಮಕ್ಕಳ ಹೆಸರು, ಗುರುತು ಹೇಳದೆ, 'ಇಲ್ಲಿ ನಾನು ಮಾಡಿದ್ದು ಸರಿಯೇ, ಇನ್ನೇನು ಮಾಡಬಹುದಿತ್ತು' ಎಂದು ಕೇಳಿಕೊಳ್ಳುವ ಎರಡು ಗಂಟೆ. ನಮಗಿಂತ ಅನುಭವಿಗಳೊಬ್ಬರು ಅಲ್ಲಿರಬೇಕಿತ್ತು ಎಂದು ನಮಗೆ ಪ್ರತಿ ಬಾರಿಯೂ ಅನ್ನಿಸುತ್ತದೆ.

ಅಂಥ ಅನುಭವಿಗಳು ಜಿಲ್ಲೆಯಲ್ಲೇ ಇದ್ದಾರೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆ ಕಾರ್ಯಕ್ರಮದ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ತಿಂಗಳಿಗೆ ಅರ್ಧ ದಿನ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಶಾಲಾ ಸಮಾಲೋಚಕರೊಡನೆ ಕುಳಿತು ಕ್ಲಿಷ್ಟ ಪ್ರಕರಣಗಳನ್ನು ಚರ್ಚಿಸುವಂತಾದರೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಾಗುವುದಿಲ್ಲ. ಆ ಅರ್ಧ ದಿನವನ್ನು ರಜೆಯೆಂದು ಎಣಿಸದೆ, ಕರ್ತವ್ಯವೆಂದೇ ಪರಿಗಣಿಸುವ ಒಒಡಿ ಸೌಲಭ್ಯ ಕೊಡಬೇಕು. ಬಹುಅಂಗವಿಕಲ ಮಕ್ಕಳ ಮನೆಗಳಿಗೆ ಹೋಗಿ ಬರುವ ವಿಶೇಷ ಶಿಕ್ಷಕರನ್ನೂ ವಸತಿ ಶಾಲೆಗಳ ವಾರ್ಡನ್‌ಗಳನ್ನೂ ಈ ಸಭೆಗೆ ಸೇರಿಸಿಕೊಳ್ಳಬೇಕು, ಏಕೆಂದರೆ ಮಕ್ಕಳು ಮೊದಲು ಬಾಯಿ ಬಿಡುವುದು ಹಲವು ಸಲ ಅವರ ಬಳಿಯೇ. ಸಮಾಲೋಚಕರನ್ನು ಗೈರಾದ ಶಿಕ್ಷಕರ ತರಗತಿಗಳಿಗೆ ಕಳಿಸಬಾರದೆಂಬ ಒಂದು ಸಾಲೂ ಆದೇಶದಲ್ಲಿರಲಿ. ಶಾಲಾ ಶಿಕ್ಷಣ ಇಲಾಖೆ ಮತ್ತು ಆರೋಗ್ಯ ಇಲಾಖೆ ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಜಂಟಿಯಾಗಿ ಈ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಒಬ್ಬ ಶಾಲಾ ಆಪ್ತ ಸಮಾಲೋಚಕಿ, ದಾವಣಗೆರೆ