ಪಾವತಿ ಸುಧಾರಣೆಗೆ ಬೇಕು ಒಮ್ಮತದ ಅಳತೆಗೋಲು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ತಪಾಸಣೆ, ಚಿಕಿತ್ಸೆಗಳ ಎಣಿಕೆಯ ಬದಲು ರೋಗಿಗಾದ ಪ್ರಯೋಜನವನ್ನು ನೋಡಿ ಹಣ ಪಾವತಿಸುವ ಪ್ರಯತ್ನ ಹೊಸದಲ್ಲ. ಮುಖ್ಯವಾಗಿ ಹಿರಿಯ ನಾಗರಿಕರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ 2012ರಲ್ಲಿ ಆರಂಭವಾದ ಉಳಿತಾಯ ಹಂಚಿಕೆ ಯೋಜನೆಯಲ್ಲಿ, ಗುಣಮಟ್ಟ ಕಾಯ್ದುಕೊಂಡು ವೆಚ್ಚ ತಗ್ಗಿಸಿದ ವೈದ್ಯರ ಕೂಟಗಳಿಗೆ ಉಳಿಕೆಯಲ್ಲಿ ಪಾಲು ಸಿಗುತ್ತದೆ. ಸಾಂಪ್ರದಾಯಿಕ ಮೆಡಿಕೇರ್ ಪಾವತಿಯ ಶೇ 50ರಷ್ಟನ್ನು 2018ರ ಅಂತ್ಯಕ್ಕೆ ಇಂಥ ಪರ್ಯಾಯ ಪಾವತಿ ಮಾದರಿಗಳಿಗೆ ಒಳಪಡಿಸುವ ಗುರಿಯನ್ನು ಅಲ್ಲಿನ ಸರ್ಕಾರ 2015ರಲ್ಲೇ ಪ್ರಕಟಿಸಿತ್ತು.

ಆದರೆ ಒಂದೇ ಆಸ್ಪತ್ರೆ ಹಲವು ವಿಮಾ ಕಂಪನಿಗಳೊಂದಿಗೆ ವ್ಯವಹರಿಸುವಾಗ, ಮಧುಮೇಹದ ಹತೋಟಿಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಳೆಯಲು ಹೇಳಿದರೆ, ವೈದ್ಯರ ಸಮಯ ರೋಗಿಗಿಂತ ಹೆಚ್ಚಾಗಿ ಕಡತಕ್ಕೇ ಸಂದುಹೋಗುತ್ತದೆ. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಗುಣಮಟ್ಟದ ಮಾನದಂಡಗಳನ್ನು ಏಕರೂಪಗೊಳಿಸಲು, ಕ್ಲೇಮುಗಳ ಮಾಹಿತಿಯನ್ನು ವರ್ಷ ಕಳೆದ ಮೇಲೆ ಕಳುಹಿಸದೆ ಆಗಿಂದಾಗ್ಗೆ ವೈದ್ಯರಿಗೆ ತಲುಪಿಸಲು, ಯಾವ ರೋಗಿಯ ಹೊಣೆ ಯಾರದೆಂಬುದನ್ನು ಮೊದಲೇ ತಿಳಿಸಲು ಆಸ್ಪತ್ರೆಗಳೂ ವಿಮಾ ಕಂಪನಿಗಳೂ ಸ್ವಇಚ್ಛೆಯಿಂದ ಒಪ್ಪಿಕೊಳ್ಳಬಹುದು. (ದರ ನಿಗದಿಯಲ್ಲಿ ಮಾತ್ರ ಇವರು ಒಂದುಗೂಡಬಾರದು, ಸ್ಪರ್ಧೆಯ ಕಾನೂನು ಇರುವುದೇ ಅದಕ್ಕೆ.)

ನನ್ನ ಆತಂಕ ಬೇರೆಯೇ ಇದೆ. ಸ್ವಯಂಪ್ರೇರಣೆಯ ವ್ಯವಸ್ಥೆಗೆ ಲಾಭ ಖಚಿತವಾಗಿರುವವರೇ ಮೊದಲು ಸೇರುತ್ತಾರೆ. ಕೆಲವೇ ವೈದ್ಯರಿರುವ ಗ್ರಾಮೀಣ ಚಿಕಿತ್ಸಾಲಯವೊಂದಕ್ಕೆ ಒಬ್ಬಿಬ್ಬರು ರೋಗಿಗಳ ದುಬಾರಿ ಚಿಕಿತ್ಸೆಯೇ ವರ್ಷದ ಲೆಕ್ಕಾಚಾರವನ್ನು ತಲೆಕೆಳಗು ಮಾಡಬಲ್ಲದು. ಅಂತಹವರ ಮೇಲೆ ಮೊದಲ ವರ್ಷದಿಂದಲೇ ವೆಚ್ಚ ಮಿತಿ ಮೀರಿದಾಗಿನ ನಷ್ಟದ ಹೊಣೆ ಹೊರಿಸದೆ, ಮುಂಗಡ ನೆರವು ನೀಡುವ ಅಂಶವೂ ಈ ಒಪ್ಪಂದಗಳಲ್ಲಿ ಇರಬೇಕು.

– ಓರ್ವ ಓದುಗ