ಬೆಕ್ಕು ಸಾಕಿದವರ ಗಮನಕ್ಕೆ: ವಾಂತಿ ಮತ್ತು ಬೋರ್ಡೋ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯೋದು ಶುರುವಾಗಿದೆ. ತೋಟದ ಪಕ್ಕ ಬೆಕ್ಕು ಸಾಕಿರೋರು ದಯವಿಟ್ಟು ಓದಿ.

ಅಪರೂಪಕ್ಕೊಮ್ಮೆ ಹುಲ್ಲು ಕಕ್ಕಿ, ಇಲ್ಲ ಬೆರಳುದ್ದದ ಕೂದಲುಂಡೆ ಉಗುಳಿ, ಆಮೇಲೆ ಎಂದಿನಂತೆ ಮೀನಿಗೆ ಕಾಲು ಸುತ್ತಿದರೆ ಹೆದರಬೇಕಿಲ್ಲ.

ದಿನಕ್ಕೆ ಮೂರು ಸಲ ಮೀರಿದರೆ, ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ, 24 ಗಂಟೆ ಏನೂ ತಿನ್ನದಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ದಪ್ಪ ಬೆಕ್ಕು ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ತುಂಬುತ್ತದೆ. ಲಸಿಕೆ ಆಗದ ಮರಿ ವಾಂತಿ, ಭೇದಿ ಮಾಡಿಕೊಂಡು ಮಂಕಾದರೆ ಗಂಟೆ ಲೆಕ್ಕ ಹಾಕುತ್ತ ಕೂರಬೇಡಿ. ಗಂಡು ಬೆಕ್ಕು ಉಚ್ಚೆಗೆ ತಿಣುಕುತ್ತ ವಾಂತಿ ಮಾಡಿದರೆ ಮೂತ್ರ ಕಟ್ಟಿರಬಹುದು, ರಾತ್ರಿಯಾದರೂ ಹೊರಡಿ.

ಈಗ ಬೋರ್ಡೋ ವಿಷಯ. ಮೈಲುತುತ್ತ ಪಾದಕ್ಕೆ ಮೆತ್ತಿಕೊಳ್ಳುತ್ತದೆ, ಬೆಕ್ಕು ನೆಕ್ಕಿಕೊಳ್ಳುತ್ತದೆ. ವಾಂತಿ ನೀಲಿ-ಹಸಿರು ಬಣ್ಣಕ್ಕಿದ್ದರೆ ಇದೇ ಅನುಮಾನ. ಕೈಗವಸು ಹಾಕಿಕೊಂಡು ಪಾದ, ಹೊಟ್ಟೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ, ತಕ್ಷಣ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ಕಕ್ಕಿಸೋ ಅಜ್ಜಿ ಮದ್ದು ಬೇಡ, ಉಪ್ಪೇ ವಿಷವಾಗುತ್ತದೆ. ನಮ್ಮ ಪ್ಯಾರಾಸಿಟಮಾಲ್ ಅಂತೂ ಚೂರೂ ಕೊಡಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಬಾಯಲ್ಲೋ ಹಿಂದೆಯೋ ದಾರ ಜೋತಾಡುತ್ತಿದ್ದರೆ ಎಳೆಯಬೇಡಿ, ಕರುಳು ಸೀಳುತ್ತದೆ.

ಹೋಗುವಾಗ ವಾಂತಿಯ ಫೋಟೋ, ತಿಂದಿರಬಹುದಾದ ಔಷಧಿಯ ಪ್ಯಾಕೆಟ್ ಜೊತೆಗಿರಲಿ. ಶಿವಮೊಗ್ಗದವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜಿದೆ, ಫೋನ್ ಮಾಡಿಕೊಂಡು ಹೋಗಿ.

ತೋಟದವರಲ್ಲಿ ವಿನಂತಿ: ಡ್ರಮ್ ಮುಚ್ಚಿಡಿ, ಔಷಧಿ ಹೊಡೆಯೋ ಹಿಂದಿನ ದಿನ ಇಲ್ಲಿ ಒಂದು ಮೆಸೇಜ್ ಹಾಕಿ. ಬೆಕ್ಕಿರೋರು ಓದಿದ ಮೇಲೆ "ಸರಿ" ಅಂತ ತಿಳಿಸಿ.